ಹೂಜಿಗಿಡದ ಎಲೆಬೇನೆಗಳು: ನಿದಾನದ ಒಂದು ಸಮೀಕ್ಷೆ

ಕೀಟಾಹಾರಿ ಸಸ್ಯಗಳ ಪೈಕಿ ಉಷ್ಣವಲಯದ ಹೂಜಿಗಿಡದಷ್ಟು ಜನರ ಕುತೂಹಲವನ್ನು ಕೆರಳಿಸಿರುವುದು ಬೇರೊಂದಿಲ್ಲ; ಮನೆಯ ಜಗಲಿಯಲ್ಲಿಯೋ ಮಾಳಿಗೆಯ ಮೇಲಣ ನೆರಳುಬಲೆಯ ಕೆಳಗೋ ಅದನ್ನು ಸಾಕಲು ಹೊರಟವರನ್ನು ಅದರಷ್ಟು ಗೊಂದಲಕ್ಕೆ ಕೆಡಹುವ ಗಿಡವೂ ವಿರಳವೇ. ನರ್ಸರಿಯಿಂದ ತಂದ ಹೊಸತರಲ್ಲಿ ಹೂಜಿಗಳನ್ನು ಸಾಲಾಗಿ ತೂಗಿಬಿಟ್ಟುಕೊಂಡು ಶೋಭಿಸುತ್ತಿದ್ದ ಗಿಡ ಎರಡು ಮೂರು ತಿಂಗಳೊಳಗಾಗಿ ಅವನ್ನೆಲ್ಲ ಒಣಗಿಸಿಕೊಂಡು, ಎಲೆಗಳ ಅಂಚು ಕಂದಿ, ಮೈಮೇಲೆ ಅಲ್ಲಲ್ಲಿ ಕಂದುಚುಕ್ಕೆಗಳನ್ನು ತಳೆದು ನಿಂತಾಗ, ‘ಇದಕ್ಕೇನು ರೋಗ?’ ಎಂಬ ಪ್ರಶ್ನೆಗೆ ಬಲ್ಲವರೆನಿಸಿಕೊಂಡವರು ಕೊಡುವ ಉತ್ತರಗಳು ಒಂದಕ್ಕೊಂದು ವಿರುದ್ಧ: ನೀರು ಹೆಚ್ಚಾಯಿತೆಂದು ಒಬ್ಬರು, ಕಡಿಮೆಯಾಯಿತೆಂದು ಇನ್ನೊಬ್ಬರು, ಬೂಸ್ಟು ತಗುಲಿದೆ, ಔಷಧಿ ಹೊಡೆಯಿರಿ ಎಂದು ಮತ್ತೊಬ್ಬರು. ಇವರಲ್ಲಿ ಯಾರನ್ನೂ ಅಜ್ಞರೆಂದು ತಳ್ಳಿಹಾಕುವಂತಿಲ್ಲವೆಂಬುದೇ ಇಲ್ಲಿಯ ತೊಡಕು. ಎಲೆಯು ತನ್ನ ಸಂಕಟವನ್ನು ಹೊರಗೆ ತೋರಗೊಡುವ ಬಗೆಗಳು ನಾಲ್ಕೈದೇ. ಸಂಕಟಗಳ ಕಾರಣಗಳೋ ಹತ್ತಾರು. ಈ ವಿಷಯವಾಗಿ ಸಸ್ಯವಿಜ್ಞಾನಿಗಳೂ ಬೆಳೆಗಾರರೂ ಕಂಡುಕೊಂಡಿರುವುದನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ, ಬಣ್ಣವನ್ನು ಕಂಡೊಡನೆ ರೋಗದ ಹೆಸರು ಹೇಳುವ ಅಭ್ಯಾಸವನ್ನು ಬಿಟ್ಟು, ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ, ಅದು ಮೂಡಿ ಬಲಿಯುತ್ತಿದ್ದಾಗ ಗಿಡ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಮೊದಲು ವಿಚಾರಿಸುವುದೇ ಸರಿಯಾದ ಕ್ರಮವೆಂದು ನನಗೆ ತೋರುತ್ತದೆ.

ಗಿಡದ ರಚನೆಯನ್ನು ಕುರಿತು ಮೊದಲಿಗೆ ಎರಡು ಮಾತು. ಹೂಜಿಯನ್ನು ಹೂವೆಂದು ಬಗೆಯುವವರು ಈಗಲೂ ಉಂಟು; ವಾಸ್ತವವಾಗಿ ಅದು ಎಲೆಯದೇ ಅಂಗ. ಎಲೆಯ ನಡುನಾಳವು ಫಲಕದ ತುದಿಯನ್ನು ದಾಟಿ ತಂತುವಾಗಿ ನೀಳ್ದು, ಆ ತಂತುವಿನ ಕೊನೆ ಉಬ್ಬಿ, ಟೊಳ್ಳಾಗಿ, ಮುಚ್ಚಳವೊಂದನ್ನು ಧರಿಸಿ ಹೂಜಿಯಾಗುತ್ತದೆ. ಆದಕಾರಣ ಹೂಜಿ ಕಟ್ಟದಿರುವುದನ್ನೂ ಎಲೆಯ ಬೇನೆಗಳಲ್ಲೇ ಎಣಿಸಬೇಕು. ಅಷ್ಟೇಕೆ, ಫಲಕ ಹಸುರಾಗಿಯೇ ಇರುವಾಗ ತಂತುವಿನ ತುದಿಯ ಮೊಗ್ಗು ಕಪ್ಪಾಗಿ ಬತ್ತುವುದು ಅನೇಕ ವೇಳೆ ಎಲ್ಲಕ್ಕೂ ಮೊದಲ ಸೂಚನೆ. ನೆಪೆಂಥಿಸ್ ಎಂಬ ಈ ಕುಲದ ಪ್ರಭೇದಗಳು ನೂರೈವತ್ತಕ್ಕೂ ಮಿಕ್ಕಿದ್ದು, ಪಶ್ಚಿಮದಲ್ಲಿ ಮಡಗಾಸ್ಕರಿನಿಂದ ಪೂರ್ವದಲ್ಲಿ ನ್ಯೂ ಕ್ಯಾಲೆಡೋನಿಯದವರೆಗೆ ಹರಡಿಕೊಂಡಿವೆ. ಬೋರ್ನಿಯೊ, ಸುಮಾತ್ರ, ಫಿಲಿಪೀನ್ಸ್ ದ್ವೀಪಗಳು ಅವುಗಳ ತವರು. ಭಾರತದ ಪಾಲಿಗೆ ಬಂದಿರುವುದು ಒಂದೇ ಒಂದು: ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಬೆಟ್ಟಗಳ ನೆಪೆಂಥಿಸ್ ಖಾಸಿಯಾನ. ಜೋಸೆಫ್ ಹೂಕರ್ 1873ರಲ್ಲಿ ವರ್ಣಿಸಿದ ಈ ಪ್ರಭೇದಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದದಲ್ಲಿ ಅತ್ಯಂತ ಕಟ್ಟುನಿಟ್ಟಿನ ರಕ್ಷಣೆಯಿದೆ. ದಕ್ಷಿಣ ಗಾರೋ ಬೆಟ್ಟಗಳ ಬಾಘ್ಮಾರದಲ್ಲಿ ಅದಕ್ಕೆಂದೇ ಒಂದು ಪುಟ್ಟ ಅಭಯಾರಣ್ಯವುಂಟು. ನಮ್ಮ ಪಶ್ಚಿಮಘಟ್ಟದ ಜಂಬಿಟ್ಟಿಗೆಯ ಬಯಲುಗಳಲ್ಲಿ ಮಳೆಗಾಲಕ್ಕೆ ಡ್ರಾಸೆರ, ಯುಟ್ರಿಕ್ಯುಲೇರಿಯಗಳೆಂಬ ಕೀಟಾಹಾರಿಗಳು ಹೇರಳವಾಗಿ ತಲೆಯೆತ್ತುತ್ತವಾದರೂ ಹೂಜಿಗಿಡ ಅಲ್ಲಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಇಂದು ಸಾಕುತ್ತಿರುವವೆಲ್ಲ ಹೊರನಾಡಿನವು. ಅವುಗಳ ಬೇನೆಗಳಲ್ಲಿ ಅರ್ಧಕ್ಕರ್ಧ ಈ ಪರದೇಶವಾಸದಿಂದಲೇ ಹುಟ್ಟಿದವು.

ಈ ಮಾತಿಗೆ ಇತಿಹಾಸವೂ ಸಾಕ್ಷಿ ನುಡಿಯುತ್ತದೆ. ಕಿನಬಾಲು ಪರ್ವತದ ನೆಪೆಂಥಿಸ್ ರಾಜಾ ಎಂಬ ಭವ್ಯ ಪ್ರಭೇದವನ್ನು ಹೂಕರ್ 1859ರಲ್ಲಿ ಲೋಕಕ್ಕೆ ಪರಿಚಯಿಸಿದ ಮೇಲೆ, ಇಂಗ್ಲೆಂಡಿನ ವೀಚ್ ಮನೆತನದ ನರ್ಸರಿ ತನ್ನ ಸಂಗ್ರಾಹಕರನ್ನು ಬೋರ್ನಿಯೊಗೆ ಅಟ್ಟಿ ಅದನ್ನು ತರಿಸಿಕೊಂಡಿತು. ಆದರೆ ಆ ಶತಮಾನದ ಕೊನೆಯ ಹೊತ್ತಿಗೆ, ಅದನ್ನು ಬೆಳೆಸುವ ಯತ್ನವನ್ನೇ ಕೈಬಿಡುವ ಸ್ಥಿತಿಗೆ ಅಲ್ಲಿಯ ತೋಟಗಾರರು ಬಂದಿದ್ದರು. ಉಷ್ಣವಲಯದ ಗಿಡವೆಂದ ಮೇಲೆ ಉಷ್ಣದಲ್ಲೇ ಬೆಳೆಯಬೇಕೆಂದು ತಿಳಿದು, ಹಬೆ ತುಂಬಿದ ಗಾಜಿನ ಮನೆಯಲ್ಲಿ ಎಲ್ಲ ಪ್ರಭೇದಗಳನ್ನೂ ಒಟ್ಟಿಗೆ ಕೂಡುವುದು ಆ ಕಾಲದ ಪದ್ಧತಿ. ರಾಜಾ ಬೆಳೆಯುವುದು 1,500ರಿಂದ 2,650 ಮೀಟರುಗಳ ಎತ್ತರದಲ್ಲಿ, ರಾತ್ರಿ ಚಳಿ ಕೊರೆಯುವ ಮಂಜಿನ ನೆಲದಲ್ಲಿ. ಅದೇ ದ್ವೀಪದ ನೆಪೆಂಥಿಸ್ ಬೈಕ್ಯಾಲ್ಕರೇಟ ಎಂಬುದು ಸಮುದ್ರಮಟ್ಟಕ್ಕೆ ಹತ್ತಿರದ ಜೌಗು ಕಾಡಿನದು. ಇವೆರಡನ್ನೂ ಒಂದೇ ಸೂರಿನಡಿ ಇಟ್ಟವನಿಗೆ ಎರಡರಲ್ಲೊಂದು ರೋಗಿಷ್ಠವಾಗಿಯೇ ಕಾಣಬೇಕು. ಮಲೆಯ ಪ್ರಭೇದಗಳಿಗೆ ರಾತ್ರಿಯ ಉಷ್ಣತೆ 10ರಿಂದ 15 ಡಿಗ್ರಿಗೆ ಇಳಿಯಬೇಕು. ತಗ್ಗಿನವಕ್ಕೆ ಅದು 20ಕ್ಕಿಂತ ಕೆಳಗೆ ಬಹುಕಾಲ ಇಳಿಯಬಾರದು. ರಾತ್ರಿಯೂ ಬಿಸಿಯಾಗಿದ್ದರೆ ಮಲೆಯ ಗಿಡ ಹಗಲು ಕೂಡಿಹಾಕಿದ ಸಕ್ಕರೆಯನ್ನು ಉಸಿರಾಟದಲ್ಲೇ ಕಳೆದುಕೊಳ್ಳುತ್ತದೆ. ಆಗ ಅದರ ಎಲೆಯ ಮೇಲೆ ಚುಕ್ಕೆಯೂ ಇಲ್ಲ, ಕಲೆಯೂ ಇಲ್ಲ, ಒಂದರ ಮೇಲೊಂದಾಗಿ ಬರುವ ಎಲೆಗಳು ಮಾತ್ರ ಕ್ರಮೇಣ ಕಿರಿದಾಗುತ್ತ, ಹೂಜಿಯನ್ನು ಕೈಬಿಡುತ್ತ ಹೋಗುತ್ತವೆ. ಯಾವ ಔಷಧಿಯೂ ಮುಟ್ಟದ ಬೇನೆ ಇದು. ಸಮುದ್ರಮಟ್ಟದಿಂದ 900 ಮೀಟರು ಎತ್ತರದ ಬೆಂಗಳೂರಿನಲ್ಲಿ ವೆಂಟ್ರಿಕೋಸದಂತಹ ಮಧ್ಯಮಮಲೆಯ ಪ್ರಭೇದಗಳೂ ಅವುಗಳ ಸಂಕರಗಳೂ ಸುಖವಾಗಿರುವುದಕ್ಕೂ, ಅವೇ ಗಿಡಗಳು ಕರಾವಳಿಗೆ ಹೋದಾಗ ಸೊರಗುವುದಕ್ಕೂ, ಆಂಪುಲೇರಿಯ, ರಾಫ್ಲೇಸಿಯಾನಗಳಂತಹ ತಗ್ಗುನಾಡಿನ ಗಿಡಗಳು ಮಂಗಳೂರಿನಲ್ಲಿ ಹಿಗ್ಗಿ ಬೆಂಗಳೂರಿನ ಪುಷ್ಯಮಾಸದ ರಾತ್ರಿಗಳಲ್ಲಿ ಸ್ತಬ್ಧವಾಗುವುದಕ್ಕೂ ಬೇರೆ ಕಾರಣ ಹುಡುಕಬೇಕಾಗಿಲ್ಲ.

ರೋಗವನ್ನು ಹೇಳುವ ಮುನ್ನ ರೋಗವಲ್ಲದ್ದನ್ನು ಬೇರ್ಪಡಿಸಿಕೊಳ್ಳುವುದು ವೈದ್ಯನಿಗೆ ಹೇಗೋ ಬೆಳೆಗಾರನಿಗೂ ಹಾಗೆಯೇ ಅವಶ್ಯ. ಟ್ರಂಕೇಟ ಎಂಬ ಪ್ರಭೇದದ ಎಲೆಯ ತುದಿ ಯಾರೋ ಕತ್ತರಿಸಿದಂತೆ ಮೊಟಕಾಗಿರುವುದು ಅದರ ಸಹಜ ಆಕಾರ. ರಾಜಾದ ತಂತು ಎಲೆಯ ತುದಿಯಿಂದ ಹೊರಡದೆ, ತುದಿಗೆ ತುಸು ಹಿಂದೆ, ಅಡಿಭಾಗದಿಂದ ಹೊರಡುತ್ತದೆ. ಬೈಕ್ಯಾಲ್ಕರೇಟದ ತಂತು ಹೂಜಿಯ ಹತ್ತಿರ ಉಬ್ಬಿ ಟೊಳ್ಳಾಗಿರುವುದನ್ನು ಕಂಡು ಒಳಗೆ ಹುಳು ಕೊರೆದಿದೆಯೆಂದು ಕತ್ತರಿಸಿ ಎಸೆದವರಿದ್ದಾರೆ; ಅದು ಬೋರ್ನಿಯೊದ ಒಂದು ಜಾತಿಯ ಇರುವೆಗೆ ಗಿಡ ಕಟ್ಟಿಕೊಡುವ ಮನೆ, ಇರುವೆಯಿಲ್ಲದ ನಾಡಿನಲ್ಲೂ ಗಿಡ ಅದನ್ನು ಕಟ್ಟುತ್ತಲೇ ಇರುತ್ತದೆ. ಕಾಂಡದ ಬುಡದ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರುವುದು ವಯೋಧರ್ಮ. ಹೂಜಿಯಂತೂ ಫಲಕಕ್ಕಿಂತ ಅಲ್ಪಾಯು: ಅದು ಮೇಲಿನಿಂದ ಕೆಳಕ್ಕೆ ಒಣಗುತ್ತ ಬರುವಾಗ ಅದೇ ಎಲೆಯ ಫಲಕ ಹಸುರಾಗಿದ್ದರೆ ಚಿಂತೆಗೆ ಕಾರಣವಿಲ್ಲ. ಕಾಯಿಲೆಯೆಂದು ಹೇಳಿ ಮಾರಾಟಗಾರರನ್ನು ದೂಷಿಸುವ ಪ್ರಸಂಗಗಳಲ್ಲಿ ಬಹುಪಾಲು ಇಂಥವೇ ಎಂದರೆ ಅತ್ಯುಕ್ತಿಯಾಗದು.

ಇನ್ನು ಮುಖ್ಯ ವಿಷಯ. ಗಿಡದ ಶರೀರದಲ್ಲಿ ಪೋಷಕಾಂಶಗಳು ಎರಡು ಬಗೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲದು. ಕ್ಯಾಲ್ಸಿಯಂ, ಕಬ್ಬಿಣ, ಬೋರಾನುಗಳು ಒಮ್ಮೆ ಒಂದು ಎಲೆಯನ್ನು ಸೇರಿದರೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ. ಮೊದಲ ಬಗೆಯವು ಸಾಲದೆ ಬಂದಾಗ, ಬಡತನ ಬಂದ ಮನೆಯಲ್ಲಿ ಹಿರಿಯರು ತಮ್ಮ ಪಾಲನ್ನು ಮಕ್ಕಳಿಗೆ ಬಡಿಸುವಂತೆ, ಹಳೆಯ ಎಲೆಗಳು ತಮ್ಮಲ್ಲಿದ್ದುದನ್ನು ತುದಿಯ ಕುಡಿಗೆ ಬಿಟ್ಟುಕೊಟ್ಟು ತಾವು ಬಿಳಚಿಕೊಳ್ಳುತ್ತವೆ; ಎರಡನೆಯ ಬಗೆಯವು ಸಾಲದಾದಾಗ ಹಳೆಯ ಎಲೆ ಎಂದಿನಂತಿದ್ದು ಹೊಸದೇ ಕೆಡುತ್ತದೆ. ಕೆಳಗಿನ ಎಲೆಗಳು ಒಟ್ಟಾಗಿ ತಿಳಿಹಳದಿಗೆ ತಿರುಗಿದರೆ ಸಾರಜನಕದ ಅಭಾವವನ್ನು ಶಂಕಿಸಬೇಕು; ಅವೇ ಎಲೆಗಳಲ್ಲಿ ನಾಳಗಳು ಹಸುರಾಗಿ ಉಳಿದು ನಡುವಣ ಎಡೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ; ಇದೇ ಚಿತ್ರ ತುದಿಯ ಎಳೆಯ ಎಲೆಯಲ್ಲಿ ಕಂಡರೆ ಕಬ್ಬಿಣ; ಹೊಸ ಎಲೆ ಸುಕ್ಕುಗಟ್ಟಿ, ಅಂಚು ಹರಿದು, ಕುಡಿ ಕಪ್ಪಾದರೆ ಕ್ಯಾಲ್ಸಿಯಂ ಅಥವಾ ಬೋರಾನ್. ಒಂದೇ ಹಳದಿ, ಇರುವ ಸ್ಥಾನವನ್ನನುಸರಿಸಿ ಮೂರು ಅರ್ಥಗಳನ್ನು ಪಡೆಯುತ್ತದೆ.

ಆದರೆ ಅಭಾವವೆಂದೊಡನೆ ಗೊಬ್ಬರದ ಪೊಟ್ಟಣಕ್ಕೆ ಕೈಹಾಕುವುದು ಅವಿವೇಕ. ಕಬ್ಬಿಣವು ಕುಂಡದಲ್ಲಿ ಇಲ್ಲದೆ ಹೋಗುವುದಕ್ಕಿಂತ, ಇದ್ದೂ ಗಿಡಕ್ಕೆ ದಕ್ಕದೆ ಹೋಗುವುದೇ ಹೆಚ್ಚು. ಸುಣ್ಣದಂಶವಿರುವ ಗಡುಸುನೀರನ್ನು ದಿನವೂ ಎರೆದು ಕುಂಡದ ಆಮ್ಲೀಯ ಗುಣ ಅಳಿದು ಕ್ಷಾರದ ಕಡೆಗೆ ವಾಲಿದಾಗ ಕಬ್ಬಿಣ ಕರಗದೆ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಮಿನವರೆಗೆ ಇರಬಹುದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಹೂಜಿಗಿಡದ ಬೆಳೆಗಾರರು ಅಪೇಕ್ಷಿಸುವುದು 50ರ ಒಳಗೆ. ಮನುಷ್ಯನಿಗೆ ನಿರ್ದುಷ್ಟವೆನಿಸಿದ ನೀರು ಈ ಗಿಡಕ್ಕೆ ಹತ್ತು ಪಾಲು ಉಪ್ಪು. ಬಯಲುಸೀಮೆಯ ಕೊಳವೆಬಾವಿಗಳ ನೀರನ್ನು ಎರೆದ ಗಿಡಗಳಲ್ಲಿ ಮೊದಲು ಎಲೆಯ ತುದಿ, ಬಳಿಕ ಅಂಚು, ಗೆರೆ ಎಳೆದಂತೆ ಸ್ಪಷ್ಟವಾದ ಎಲ್ಲೆಯೊಂದಿಗೆ ಕಂದಾಗಿ ಒಣಗುವುದನ್ನೂ, ಕುಂಡದ ಕಂಠದ ಸುತ್ತ ಬಿಳಿಯ ಪೊರೆ ಕೂಡುವುದನ್ನೂ ಕಾಣಬಹುದು. ಮಳೆಯ ನೀರನ್ನು ಹಿಡಿದಿಟ್ಟುಕೊಂಡವನು ಅಥವಾ ಶುದ್ಧೀಕರಣ ಯಂತ್ರದ ಆರ್‌ಒ ನೀರನ್ನು ಬಳಸುವವನು ಅರ್ಧ ಗೆದ್ದಂತೆ. ಅರ್ಧವೆಂದೆನೇಕೆಂದರೆ, ಉಪ್ಪು ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ನಮ್ಮಲ್ಲಿ ಅಗ್ಗವಾಗಿ ದೊರೆಯುವ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ನರ್ಸರಿಗಳ ಕುಂಡಗಳಲ್ಲೆಲ್ಲ ತುಂಬಿರುವುದು. ಸಿಪ್ಪೆಯನ್ನು ಹಿನ್ನೀರಿನ ಉಪ್ಪುನೀರಿನಲ್ಲಿ ಕೊಳೆಯಿಸಿ ತೆಗೆದ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸಾಕಷ್ಟು ಉಳಿದಿರುತ್ತವೆ. ಹಲವು ಸಲ ನೆನೆಸಿ ಹಿಂಡದೆ ಬಳಸಿದರೆ ಶುದ್ಧನೀರನ್ನು ಎರೆದವನ ಗಿಡವೂ ಉಪ್ಪಿನ ಲಕ್ಷಣಗಳನ್ನೇ ತೋರಿ ಅವನನ್ನು ದಿಗ್ಭ್ರಮೆಗೊಳಿಸುತ್ತದೆ.

ಬೆಳಕಿನ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬೆಳಕು ಸಾಲದ ಗಿಡ ಕಡುಹಸುರಾಗಿ, ಉದ್ದುದ್ದ ಬಳುಕುವ ಎಲೆಗಳನ್ನು ಬಿಟ್ಟು, ಹೂಜಿಯನ್ನು ಮರೆಯುತ್ತದೆ. ಅಜ್ಞನ ಕಣ್ಣಿಗೆ ಇದೇ ಆರೋಗ್ಯದ ಕುರುಹು. ಬೆಳಕು ತುಸು ಹೆಚ್ಚಾದ ಗಿಡ ಕೆಂಬಣ್ಣವನ್ನು ತಳೆಯುತ್ತದೆ. ಅದು ಆತ್ಮರಕ್ಷಣೆ, ಬೇನೆಯಲ್ಲ. ನೆರಳಿನಿಂದ ಒಮ್ಮೆಲೇ ಬಿಸಿಲಿಗೆ ತಂದ ಗಿಡದಲ್ಲಿ ಮಾತ್ರ, ಸೂರ್ಯನಿಗೆ ನೇರವಾಗಿ ಮೈಯೊಡ್ಡಿದ ಭಾಗವಷ್ಟೇ ಬಿಳುಪೇರಿ ಕಾಗದದಂತಾಗಿ, ಮೇಲಿನ ಎಲೆಯ ನೆರಳು ಬಿದ್ದ ಭಾಗ ಹಸುರಾಗಿಯೇ ಉಳಿಯುತ್ತದೆ. ಶಿಲೀಂಧ್ರಕ್ಕೆ ನೆರಳಿನ ಗಡಿ ಗೊತ್ತಿಲ್ಲವಾದ್ದರಿಂದ ಇಲ್ಲಿ ನಿದಾನ ಸುಲಭ. ಗಾಳಿಯ ಒಣತನವಾದರೋ ಫಲಕವನ್ನು ಬಿಟ್ಟು ಹೂಜಿಯ ಮೊಗ್ಗನ್ನು ಹಿಡಿಯುತ್ತದೆ: ಫಾಲ್ಗುಣ ಚೈತ್ರಗಳಲ್ಲಿ, ಮೈಸೂರು ಪ್ರಸ್ಥಭೂಮಿಯ ಮಧ್ಯಾಹ್ನದ ಗಾಳಿಯಲ್ಲಿ, ರಾಗಿಯ ಕಾಳಿನಷ್ಟಿದ್ದ ಮೊಗ್ಗು ಅಷ್ಟಕ್ಕೇ ನಿಂತು ಕರಿಕಾಗುತ್ತದೆ. ದಿನಕ್ಕೆ ಎರಡು ಬಾರಿ ನೀರು ಚಿಮುಕಿಸುವುದರಿಂದ ಗಾಳಿಯ ತೇವ ಕೆಲವು ನಿಮಿಷ ಹೆಚ್ಚಿ ಮತ್ತೆ ಇಳಿಯುವುದಷ್ಟೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ. ಗಿಡಗಳನ್ನು ಗುಂಪಾಗಿ ಇಟ್ಟು, ಗಾಳಿಯ ಹೊಡೆತಕ್ಕೆ ತಡೆಯೊಡ್ಡುವುದು ಮೇಲು.

ಚುಕ್ಕೆಗಳ ಪ್ರಶ್ನೆ ಎಲ್ಲಕ್ಕಿಂತ ಜಟಿಲವಾದುದು. ಮಳೆಗಾಲದಲ್ಲಿ, ಎಲೆ ಇರುಳಿಡೀ ಒದ್ದೆಯಾಗಿದ್ದು ಗಾಳಿ ಆಡದೆ ಇದ್ದಾಗ, ಮೊದಲಿಗೆ ಸೂಜಿಮೊನೆಯಷ್ಟು ಕೆಂಪು ಬಿಂದುಗಳು ಕಾಣಿಸಿ, ಹಿಗ್ಗಿ, ನಡುವು ಕಂದಾಗಿ ಅಂಚು ಕೆಂಪಾಗಿ ಉಳಿಯುವುದು ಎಲ್ಲರಿಗೂ ಪರಿಚಿತ ದೃಶ್ಯ. ಸರ್ಕೋಸ್ಪೊರ, ಕೊಲೆಟೊಟ್ರೈಕಮ್ ಮುಂತಾದ ಶಿಲೀಂಧ್ರಗಳು ಇಂತಹ ಚುಕ್ಕೆಗಳನ್ನು ಉಂಟುಮಾಡುವುದು ನಿಜ. ಆದರೆ ಸತ್ತ ಅಂಗಾಂಶದ ಮೇಲೆ ಶಿಲೀಂಧ್ರ ಕಂಡಮಾತ್ರಕ್ಕೆ ಕೊಂದದ್ದು ಅದೇ ಎನ್ನಲಾಗದು. ಉಪ್ಪು ಸುಟ್ಟ ಅಂಚಿನಲ್ಲಿ, ಬಿಸಿಲು ಸುಟ್ಟ ಕಲೆಯಲ್ಲಿ ನೆಲೆಸುವ ಶವಭಕ್ಷಕಗಳು ಎಷ್ಟೋ. ರೋಗಾಣುವನ್ನು ರೋಗಿಯಿಂದ ಪ್ರತ್ಯೇಕಿಸಿ, ಶುದ್ಧವಾಗಿ ಬೆಳೆಸಿ, ಆರೋಗ್ಯವಂತ ದೇಹಕ್ಕೆ ತಾಗಿಸಿ, ಅದೇ ರೋಗ ಮರುಕಳಿಸಿದರೆ ಮಾತ್ರ ಅಪರಾಧ ಸಿದ್ಧವಾಯಿತೆಂದು ರಾಬರ್ಟ್ ಕಾಖ್ ಹಾಕಿಕೊಟ್ಟ ಕ್ರಮ ಮನೆಯ ಜಗಲಿಯಲ್ಲಿ ಸಾಧ್ಯವಾಗುವುದಲ್ಲ. ಅಲ್ಲಿ ಸಾಧ್ಯವಾಗುವ ಪರೀಕ್ಷೆ ಒಂದೇ: ಚುಕ್ಕೆಯ ಸುತ್ತ ಪೆನ್ನಿನಿಂದ ಗೆರೆಯೆಳೆದು ವಾರ ಕಾಯುವುದು. ಗೆರೆಯನ್ನು ದಾಟಿ ಹಬ್ಬಿದರೆ, ನೆರೆಯ ಎಲೆಗೆ ಹಾರಿದರೆ, ಅದು ಜೀವಂತ ಶತ್ರು. ಅಲ್ಲಿಯೇ ನಿಂತರೆ, ಎಂದೋ ನಡೆದುಹೋದ ಒಂದು ಅಪಘಾತದ ಕಲೆ. ಬೇರು ಹೀರುವ ನೀರನ್ನು ಎಲೆ ಆವಿಯಾಗಿ ಹೊರಹಾಕಲಾರದೆ ಹೋದಾಗ ಜೀವಕೋಶಗಳು ಬಿರಿದು ಏಳುವ ಬಿರಟೆಯಂತಹ ಒರಟು ಗುಳ್ಳೆಗಳನ್ನೂ ಬೂಸ್ಟೆಂದು ಭ್ರಮಿಸುವುದುಂಟು.

ಮಲೆನಾಡಿನವರಿಗೆ ಇಲ್ಲೊಂದು ವಿಶೇಷ ಪ್ರಲೋಭನೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದಂದಿನಿಂದ, ಮೈಲುತುತ್ತ ಸುಣ್ಣಗಳ ಆ ಮಿಶ್ರಣ ನಮ್ಮ ತೋಟಗಳಲ್ಲಿ ಮನೆಮದ್ದಾಗಿಬಿಟ್ಟಿದೆ. ಅಡಕೆಗೆ ಅದು ಸಂಜೀವಿನಿಯಾದರೂ ಹೂಜಿಗಿಡಕ್ಕೆ ಅದರ ಸುಣ್ಣವೂ ಒಗ್ಗದು, ತಾಮ್ರವೂ ಒಗ್ಗದು. ಗಾಳಿ ಆಡುವಂತೆ ಕುಂಡಗಳನ್ನು ದೂರವಿಟ್ಟು, ಸಂಜೆ ಎಲೆಯ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ, ತೀರ ಕೆಟ್ಟ ಎಲೆಯನ್ನು ಕತ್ತರಿಸಿ ಸುಡುವುದರಿಂದಲೇ ಬಹುತೇಕ ಚುಕ್ಕೆಗಳು ಹಿಮ್ಮೆಟ್ಟುತ್ತವೆ.

ಕೀಟಗಳನ್ನು ತಿನ್ನುವ ಗಿಡವನ್ನು ಕೀಟಗಳೇ ತಿನ್ನುವುದು ವಿಪರ್ಯಾಸವಾದರೂ ಸತ್ಯ. ಹಿಟ್ಟುತಿಗಣೆಯೂ ಶಲ್ಕಕೀಟವೂ ಎಲೆಯ ಬುಡದ ಸಂದುಗಳಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಕಷ್ಟವಿರುವುದು ಥ್ರಿಪ್ಸ್ ಮತ್ತು ಜೇಡನುಸಿಗಳಲ್ಲಿ. ಭೂತಗನ್ನಡಿ ಹಿಡಿದು ನೋಡಿದರೆ, ಥ್ರಿಪ್ಸ್ ಕೆರೆದ ಜಾಗದಲ್ಲಿ ಬೆಳ್ಳಿಯ ಲೇಪದಂತಹ ಗೀರುಗಳೂ ಅವುಗಳ ಮೇಲೆ ಎಣ್ಣೆಗಪ್ಪಿನ ಸಣ್ಣ ಮಲಬಿಂದುಗಳೂ ಕಾಣಸಿಗುತ್ತವೆ. ನುಸಿ ಕಚ್ಚಿದಲ್ಲಿ ಗೀರಿಲ್ಲದೆ ಬರಿಯ ತಿಳಿಹಳದಿ ಚುಕ್ಕೆಗಳ ಹರಹು, ಎಲೆಯಡಿಯಲ್ಲಿ ನವಿರಾದ ಬಲೆ. ಥ್ರಿಪ್ಸ್ ಕುಡಿಯೊಳಗೆ ಅಡಗಿ ಕೆಡಿಸುವುದರಿಂದ ಎಲೆ ಬಿಚ್ಚಿಕೊಳ್ಳುವಾಗಲೇ ಸೊಟ್ಟಗಾಗಿ ಬರುತ್ತದೆ. ಇದನ್ನೇ ಕ್ಯಾಲ್ಸಿಯಂ ಅಭಾವವೆಂದು ಓದಿದವರು ಗೊಬ್ಬರ ಸುರಿಯುತ್ತ ಕೀಟಕ್ಕೆ ಅವಕಾಶ ಮಾಡಿಕೊಟ್ಟಂತಾಗುತ್ತದೆ. ಇನ್ನು ಎಲೆಯ ಅಡಿಯಲ್ಲಿ, ತಂತುವಿನ ಮೇಲೆ ಮಿನುಗುವ ಅಂಟುಹನಿಗಳು. ಬೇರೆ ಗಿಡಗಳಲ್ಲಾದರೆ ಅವು ಗಿಡಹೇನು ಅಥವಾ ಶಲ್ಕಕೀಟ ವಿಸರ್ಜಿಸಿದ ಸಿಹಿರಸವೆಂದು ಖಚಿತವಾಗಿ ಹೇಳಬಹುದು. ಹೂಜಿಗಿಡಕ್ಕೋ ಎಲೆ, ಕಾಂಡ, ತಂತುಗಳ ಮೇಲೆಲ್ಲ ತನ್ನವೇ ಆದ ಮಕರಂದಗ್ರಂಥಿಗಳಿವೆ. ಹನಿಯನ್ನು ಒರೆಸಿ ಮರುದಿನ ನೋಡಿದರೆ, ಮಕರಂದವಾದರೆ ಮೊದಲಿದ್ದ ಬಿಂದುವಿನಲ್ಲೇ ಮತ್ತೆ ಒಸರಿರುತ್ತದೆ. ಕೀಟದ ರಸವಾದರೆ ಮೇಲಿನ ಎಲೆಯಿಂದ ಸಿಡಿದು ಕೆಳಗಿನ ಎಲೆಯ ಮೇಲುಮೈಯಲ್ಲಿ ಹಾಸಿಕೊಂಡಿರುತ್ತದೆ. ಎರಡರ ಮೇಲೂ ಕಪ್ಪುಬೂಸ್ಟು ಬೆಳೆಯಬಲ್ಲುದಾದ್ದರಿಂದ ಬೂಸ್ಟನ್ನು ಕಂಡು ಏನನ್ನೂ ತೀರ್ಮಾನಿಸುವಂತಿಲ್ಲ.

ಎಲೆಯಲ್ಲಿ ಉತ್ತರ ದೊರೆಯದಾದಾಗ ಬೇರನ್ನು ನೋಡಬೇಕು. ಕುಂಡ ಒದ್ದೆಯಾಗಿದ್ದೂ ಎಲೆ ಜೋತುಬಿದ್ದರೆ ಬೇರು ಕೊಳೆತಿದೆಯೆಂಬ ಊಹೆ ಯುಕ್ತವೇ. ಆದರೆ ಗಿಡವನ್ನು ಕಿತ್ತು ನೋಡಿದವನು ಬೇರೆಲ್ಲ ಕರ್ರಗಿರುವುದನ್ನು ಕಂಡು ಆಸೆ ಬಿಡಬಾರದು. ಹೂಜಿಗಿಡದ ಆರೋಗ್ಯವಂತ ಬೇರೇ ಕಪ್ಪು. ತುದಿಯೊಂದು ಮಾತ್ರ ಬಿಳುಪಾಗಿರುತ್ತದೆ. ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಕೈಗೆ ಬಂದರೆ ಅದು ಕೊಳೆತದ್ದು. ಗಟ್ಟಿಯಾಗಿ ನಿಂತರೆ ಬದುಕಿರುವುದು. ಈ ಬೇರುಗಳು ನವಿರಾದವು, ಸುಲಭವಾಗಿ ಮುರಿಯುವವು. ಕಾರಣವಿಲ್ಲದೆ ಕಿತ್ತು ಪರೀಕ್ಷಿಸುವವನು ತಾನೇ ಒಂದು ಹೊಸ ರೋಗವಾಗುತ್ತಾನೆ.

ಆಹಾರದ ವಿಷಯದಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಕೀಟ ಸಿಗದಿದ್ದರೆ ಗಿಡ ಸಾಯುವುದೆಂದು ಭಾವಿಸಿ ಮಾಂಸದ ಚೂರು ಹಾಕುವವರಿದ್ದಾರೆ. ಜೀರ್ಣಿಸಲಾರದ ಹೂಜಿ ನಡುವಿನಿಂದ ಕಂದಾಗಿ ಕೊಳೆಯುತ್ತದೆ. ಎಲ್ಲ ಪ್ರಭೇದಗಳೂ ಕೀಟವನ್ನೇ ನೆಚ್ಚಿಲ್ಲ. ಆಂಪುಲೇರಿಯ ತನ್ನ ಎಲೆಯ ಸಾರಜನಕದ ಸುಮಾರು ಮೂರನೆಯ ಒಂದು ಭಾಗವನ್ನು ಹೂಜಿಯೊಳಗೆ ಬೀಳುವ ತರಗೆಲೆಗಳಿಂದ ಪಡೆಯುತ್ತದೆಂದು 2003ರಲ್ಲಿಯೂ, ಬೋರ್ನಿಯೊದ ಲೋವಿಯೈ ಎಂಬುದು ಅರ್ಧಕ್ಕಿಂತ ಹೆಚ್ಚನ್ನು ಮರಮೂಗಿಲಿಯ ಹಿಕ್ಕೆಗಳಿಂದ ಪಡೆಯುತ್ತದೆಂದು 2009ರಲ್ಲಿಯೂ ಸಂಶೋಧಕರು ತೋರಿಸಿದರು. ಆದ್ದರಿಂದ ಹಳೆಯ ಎಲೆ ಬಿಳಚಿಕೊಂಡಿತೆಂದು ಎಲ್ಲ ಗಿಡಗಳಿಗೂ ಒಂದೇ ಉಪಚಾರ ಸಲ್ಲದು. ಬೇರಿಗೇ ಗೊಬ್ಬರ ಹೆಚ್ಚಾಗಿ ಹಾಕಿದರೆ ಫಲಕ ವಿಶಾಲವಾಗಿ ಬೆಳೆದು ಹೂಜಿ ಕುಗ್ಗುವುದು ಬೆಳೆಗಾರರ ಸಾಮಾನ್ಯ ಅನುಭವ. ಹೂಜಿಯೊಳಕ್ಕೇ ತೀರ ತೆಳುವಾದ ಗೊಬ್ಬರನೀರನ್ನು ಕೆಲವು ಹನಿ ಬಿಡುವುದು ಎಷ್ಟೋ ಮೇಲೆನಿಸುತ್ತದೆ.

ಯಾವ ಚಿಕಿತ್ಸೆ ಮಾಡಿದರೂ ಕೆಟ್ಟ ಎಲೆ ಮತ್ತೆ ನೆಟ್ಟಗಾಗುವುದಿಲ್ಲ, ಒಣಗಿದ ಮೊಗ್ಗು ಮತ್ತೆ ಹೂಜಿಯಾಗುವುದಿಲ್ಲ. ಚಿಕಿತ್ಸೆಯ ಫಲವನ್ನು ಮುಂದಿನ ಎಲೆಯಲ್ಲಿ, ಕೆಲವು ವೇಳೆ ಅದರ ಮುಂದಿನದರಲ್ಲಿ ನೋಡಬೇಕು. ಮಲೆಯ ಪ್ರಭೇದಗಳಲ್ಲಿ ಒಂದು ಎಲೆ ಮೂಡಿ ಬಲಿಯಲು ತಿಂಗಳಿಗೂ ಹೆಚ್ಚು ಹಿಡಿಯುವುದರಿಂದ, ವಾರಕ್ಕೊಂದು ಉಪಾಯವನ್ನು ಬದಲಿಸುವವನಿಗೆ ಯಾವುದು ಫಲಿಸಿತೆಂದು ತಿಳಿಯುವ ಸಂಭವವೇ ಇಲ್ಲ. ಪ್ರಯೋಗಶಾಲೆಯ ಬಾಟಲಿಯಿಂದ ಹೊರಬಂದ ಅಂಗಾಂಶ ಕೃಷಿಯ ಸಸಿಗಳಂತೂ ಒಳಗೆ ಮೂಡಿದ ತೆಳುಚರ್ಮದ ಎಲೆಗಳನ್ನೆಲ್ಲ ಕಳೆದುಕೊಂಡು ಹೊಸತಾಗಿ ಬೆಳೆಯುತ್ತವೆ. ಅದನ್ನು ವ್ಯಾಧಿಯೆಂದು ಎಣಿಸುವುದು ಸರಿಯಲ್ಲ. ಕುಡಿಯೇ ಸತ್ತುಹೋದ ಗಿಡದಲ್ಲಿಯೂ ಕಾಂಡದ ಕೆಳಗಣ ಕಣ್ಣುಗಳಿಂದ ಅಥವಾ ಬುಡದಿಂದ ಹೊಸ ಚಿಗುರು ಒಡೆಯುವುದುಂಟು. ಆ ಚಿಗುರಿನ ಮೊದಲ ಎಲೆಗಳು ತಾಯಿಗಿಡದ ಎಲೆಗಳಿಗಿಂತ ಚಿಕ್ಕವಾಗಿ, ಒತ್ತೊತ್ತಾಗಿ, ಬೆರಳುದ್ದದ ಕುಳ್ಳ ಹೂಜಿಗಳೊಂದಿಗೆ ಬರುತ್ತವೆ. ಅವನ್ನು ಕಂಡು ಮತ್ತೆ ಔಷಧಿಯ ಸೀಸೆಗೆ ಕೈಚಾಚುವ ಅವಶ್ಯಕತೆಯಿಲ್ಲ.